ರುಚಿ ಪುಸ್ತಕದ ಸೋಮವಾರಗಳು

ಮೊನ್ನೆ ಒಂಟಿಕೊಪ್ಪಲಿನ ಅಂಚೆ ಕಚೇರಿಯಲ್ಲಿ ಕೆಲಸ ಮುಗಿಸಿಕೊಂಡು ನಡೆದು ಬರುತ್ತಿದ್ದೆ. ನಿವೃತ್ತಳಾಗಿ ಇನ್ನೂ ಎರಡು ತಿಂಗಳು. ನಿವೃತ್ತರಿಗೆ ಇರುವ ಕೆಲಸಗಳೆಂದರೆ ಅಂಚೆ ಕಚೇರಿ, ಬ್ಯಾಂಕು ಮತ್ತು ಬೇರೆಯವರ ಮನೆಯ ಗೃಹಪ್ರವೇಶ ಎಂದು ನಮ್ಮೆಜಮಾನರು ಹೇಳುತ್ತಾರೆ. ಅವರು ನನಗಿಂತ ಮೊದಲೇ ನಿವೃತ್ತರಾದವರು, ತಿಳಿದವರು. ಹನ್ನೆರಡೂವರೆಯ ಹೊತ್ತು. ಒಂದು ಶಾಲೆಯ ಕಾಂಪೌಂಡಿನ ಪಕ್ಕ ಹಾಯುವಾಗ ಸಾಂಬಾರಿನ ವಾಸನೆ ಬಂತು. ಮನೆಯ ಸಾಂಬಾರಿನ ವಾಸನೆಯೇ ಬೇರೆ, ಶಾಲೆಯ ಸಾಂಬಾರಿನದೇ ಬೇರೆ. ದೊಡ್ಡ ಪಾತ್ರೆಯಲ್ಲಿ ಒಂದೇ ಸಲಕ್ಕೆ ಅಷ್ಟು ಬೇಳೆ ಬೆಂದು, ಸಿಹಿಗುಂಬಳ ಕರಗಿ, ಮೇಲೆ ಒಗ್ಗರಣೆ ಬಿದ್ದರೆ ಬೀದಿಯ ಆ ತುದಿಯವರೆಗೂ ಸುದ್ದಿ ಮುಟ್ಟುತ್ತದೆ. ಅಂಥ ವಾಸನೆ ಬಂದರೆ ಯಾರಿಗಾದರೂ ಬಾಯಲ್ಲಿ ನೀರೂರಬೇಕು. ನನಗೆ ಏನಾಯಿತು ಗೊತ್ತೆ? ಬಲಗೈ ತಾನಾಗಿ ಕೈಚೀಲದೊಳಗೆ ಹೋಗಿ ಪೆನ್ನು ಹುಡುಕತೊಡಗಿತು.

ನಗಬೇಡಿ. ಆರು ವರ್ಷ ದಿನಾ ಅದೇ ಹೊತ್ತಿಗೆ ಅದೇ ವಾಸನೆ ಹಿಡಿದು ಸಹಿ ಹಾಕಿದ ಕೈ ಅದು. ಸಾಂಬಾರಿಗೂ ಸಹಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಮಗೆ ಅವಸರವಿಲ್ಲ ತಾನೆ?

ನಾನು ಮೂಲತಃ ಮೂರನೇ ಕ್ಲಾಸಿನವಳು. ಬೇರೆಯವರು ಮೂರನೇ ಕ್ಲಾಸನ್ನು ಒಂದು ವರ್ಷದಲ್ಲಿ ಮುಗಿಸುತ್ತಾರೆ, ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು. ಕುಂಬಾರಕೊಪ್ಪಲಿನ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ, ಅದೇ ಕೋಣೆ, ಅದೇ ಕರಿಹಲಗೆ. ತೊಂಬತ್ತರ ದಶಕದಲ್ಲಿ ಊರು ನಾಲ್ಕೂ ಕಡೆ ಬೆಳೆದು, ಗದ್ದೆಗಳೆಲ್ಲ ಬಡಾವಣೆಗಳಾಗಿ ಹೋದರೂ ನಾನು ಮಾತ್ರ ಹದಿಮೂರರ ಮಗ್ಗಿಯಿಂದ ಆಚೆ ಕದಲಲಿಲ್ಲ. ಎರಡನೆಯ ಕ್ಲಾಸಿನವರಿಗೆ ಇನ್ನೂ ಅಮ್ಮ ಬೇಕು. ನಾಲ್ಕನೆಯವರಿಗೆ ಆಗಲೇ ಮೇಷ್ಟ್ರು ಬೇಡ. ಮೂರನೆಯವರು ನಡುವೆ ಇರುತ್ತಾರೆ. ಸುಳ್ಳು ಹೇಳಲು ಕಲಿತಿರುತ್ತಾರೆ, ಅದನ್ನು ಮುಚ್ಚಿಡಲು ಕಲಿತಿರುವುದಿಲ್ಲ. ಈ ವಯಸ್ಸು ನನಗೆ ಬಹಳ ಇಷ್ಟ.

ಅವರಿಂದ ನಿಜ ಹೊರಡಿಸಲು ನನ್ನ ಹತ್ತಿರ ಒಂದೇ ಒಂದು ವಿದ್ಯೆ ಇತ್ತು. "ಭಾಗಾಕಾರ ಅರ್ಥ ಆಯ್ತಾ?" ಎಂದು ಕೇಳಿದರೆ ಇಡೀ ಕ್ಲಾಸು ರಾಗವಾಗಿ "ಆಯ್ತು ಮಿಸ್" ಎನ್ನುತ್ತದೆ. ಆ ರಾಗವನ್ನು ನಂಬಿದ ಟೀಚರು ಕೆಟ್ಟಳು. ಆಗ ನಾನು ಎಲ್ಲರೂ ಮೊಣಕಾಲಿನ ಮೇಲೆ ತಲೆ ಇಟ್ಟು ಕಣ್ಣು ಮುಚ್ಚಿಕೊಳ್ಳಿ ಎನ್ನುತ್ತಿದ್ದೆ. "ಈಗ, ಅರ್ಥ ಆಗದೇ ಇರೋರು ಕೈ ಎತ್ತಿ. ನಾನೊಬ್ಬಳೇ ನೋಡ್ತೀನಿ." ಒಂದು, ಎರಡು, ಆಮೇಲೆ ಕಬ್ಬಿನ ಗದ್ದೆಯ ಹಾಗೆ ಕೈಗಳು. ಪಕ್ಕದವನು ನೋಡುವುದಿಲ್ಲ ಎಂದರೆ ಮಕ್ಕಳು ಎಂಥ ನಿಜವನ್ನೂ ಹೇಳುತ್ತಾರೆ. ದೊಡ್ಡವರೂ ಹೇಳಬಹುದೇನೋ, ಪರೀಕ್ಷೆ ಮಾಡಿ ನೋಡಿಲ್ಲ.

ಹೀಗಿರುವಾಗ ಮುಖ್ಯ ಶಿಕ್ಷಕಿಯಾಗಿ ಬಡ್ತಿಯ ಆದೇಶ ಬಂತು, ಬನ್ನಿಮಂಟಪದ ಕಡೆಯ ಇನ್ನೊಂದು ಶಾಲೆಗೆ. ಬೇಡವೆಂದು ಬರೆದುಕೊಡಲು ಅವಕಾಶವಿತ್ತು. ಬರೆದೂ ಇಟ್ಟಿದ್ದೆ. ನಮ್ಮೆಜಮಾನರು ಆ ಕಾಗದ ಓದಿ, "ಎಲ್ಲಾರು ಕುರ್ಚಿಗೆ ಹೊಡೆದಾಡ್ತಾರೆ, ನೀನು ಚಾಕ್‌ಪೀಸಿಗೆ ಹೊಡೆದಾಡ್ತೀಯಲ್ಲೇ" ಎಂದು ನಕ್ಕರು. ನನಗೆ ರೋಷ ಬಂತು. ರೋಷದಲ್ಲಿ ಕಾಗದ ಹರಿದು ಹಾಕಿದೆ. ಬಡ್ತಿಯನ್ನು ಹೀಗೆ ಸಿಟ್ಟಿನಿಂದ ಒಪ್ಪಿಕೊಂಡವಳು ನಾನೊಬ್ಬಳೇ ಇರಬೇಕು.

ಅಲ್ಲಿ ನನಗೆ ಚಾರ್ಜು ವಹಿಸಿಕೊಟ್ಟವರು ಸಿದ್ದಪ್ಪ ಮೇಷ್ಟ್ರು. ಮರುದಿನವೇ ನಿವೃತ್ತರಾಗುವವರು, ಆಗಲೇ ಅರ್ಧ ಮನೆಯಲ್ಲಿದ್ದರು. ಬೀಗದ ಕೈಗಳ ಗೊಂಚಲು, ದಾಖಲಾತಿ ಪುಸ್ತಕ, ಗೋಡೆಯ ಭೂಪಟಗಳು ಎಲ್ಲವನ್ನೂ ಒಪ್ಪಿಸಿದ ಮೇಲೆ ಒಂದು ಮಾತು ಹೇಳಿದರು: "ನೋಡಿಮ್ಮಾ, ಪೆನ್ನನ್ನ ಮೇಜಿನ್ ಮೇಲೆ ಇಟ್ಕೋಬೇಡಿ. ಚೀಲದ ಒಳಗೆ, ತಳದಲ್ಲಿ ಇಟ್ಕೊಳಿ. ಸಹಿ ಮಾಡಿ ಅಂತ ಯಾರಾದ್ರು ಬಂದಾಗ ಪೆನ್ನು ಹುಡುಕ್ತಾ ಹುಡುಕ್ತಾ ಏನು ಬರ್ದಿದೆ ಅಂತ ಓದ್ಕೋಬೋದು." ಮುದುಕರ ಚೇಷ್ಟೆ ಎಂದುಕೊಂಡೆ. ಪೆನ್ನನ್ನು ಚೀಲದಲ್ಲೇನೋ ಇಟ್ಟುಕೊಂಡೆ, ಓದಿಕೊಳ್ಳುವುದನ್ನು ಬಿಟ್ಟೆ.

ಕುರ್ಚಿ ಚೆನ್ನಾಗಿತ್ತು. ಆದರೆ ಕೂರುವುದು ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ನಿಂತೇ ಬದುಕಿದವಳಿಗೆ ಮಧ್ಯಾಹ್ನದ ಹೊತ್ತಿಗೆ ಸೊಂಟ ನೋಯುತ್ತಿತ್ತು. ನನ್ನ ಕೋಣೆಯ ಪಕ್ಕದಲ್ಲೇ ಮೂರನೇ ಕ್ಲಾಸು. ನಾಗರತ್ನ ಎಂಬ ಎಳೆಯ ಟೀಚರು. ಗೋಡೆಯಾಚೆ ಮಕ್ಕಳು ಏಳರ ಮಗ್ಗಿ ತಪ್ಪಿದರೆ ಈಚೆ ನನ್ನ ಕಾಲು ಚಡಪಡಿಸುತ್ತಿತ್ತು. ಮೊದಲ ವಾರ ಎರಡು ಸಲ, ಎರಡನೇ ವಾರ ನಾಲ್ಕು ಸಲ ಏನೋ ನೆಪ ಮಾಡಿಕೊಂಡು ಒಳಗೆ ಹೋದೆ. ಒಂದು ದಿನ ಹಲಗೆಯ ಮೇಲಿನ ಅವಳ ಅಕ್ಷರವನ್ನು ಒರೆಸಿ ನಾನೇ ದುಂಡಗೆ ಬರೆದೆ. ಸಂಜೆ ನಾಗರತ್ನ ಬಂದು, "ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಬಂದು ನಿಂತ್ರೆ ಮಕ್ಕಳು ನನ್ ಕಡೆ ನೋಡೋದೇ ಬಿಟ್ಬುಡ್ತಾರೆ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾಚಿಕೆಯಿಂದ ನನ್ನ ಮುಖ ಇಷ್ಟಾಯಿತು. ಅಂದಿನಿಂದ ಆ ಬಾಗಿಲ ಕಡೆ ಹೋಗಲಿಲ್ಲ. ಕ್ಲಾಸು ಕಳೆದುಕೊಂಡೆ, ಇನ್ನು ನಾನು ಯಾವುದಕ್ಕೂ ಬಾರದವಳು ಎಂದು ಮನೆಯಲ್ಲಿ ಕೂತು ಅತ್ತದ್ದೂ ಉಂಟು.

ಆಗ ಬಂತು ನೋಡಿ ಬಿಸಿಯೂಟ. ಶಾಲೆಯಲ್ಲೇ ಅಡುಗೆ, ನೂರೆಂಬತ್ತು ಮಕ್ಕಳಿಗೆ ಮಧ್ಯಾಹ್ನ ಅನ್ನ ಸಾಂಬಾರು. ಬೇರೆ ಶಾಲೆಗಳ ಮುಖ್ಯ ಶಿಕ್ಷಕರೆಲ್ಲ "ಪಾಠ ಹೇಳೋದೋ, ಪಾತ್ರೆ ಎಣಿಸೋದೋ" ಎಂದು ಗೊಣಗುತ್ತಿದ್ದರೆ ನನಗೆ ಒಳಗೊಳಗೇ ಖುಷಿ. ಮಕ್ಕಳು ಮತ್ತೆ ನನ್ನ ಕೈಗೆ ಬಂದರಲ್ಲ! ಅಡುಗೆಗೆ ಬಂದವಳು ಪುಟ್ಟತಾಯಮ್ಮ. ಕುಳ್ಳಗೆ, ಗಟ್ಟಿಮುಟ್ಟಾಗಿ, ಅಳತೆ ಪಾತ್ರೆಯನ್ನೇ ಮುಟ್ಟದೆ ಕೈಯಂದಾಜಿನಲ್ಲಿ ಎಲ್ಲವನ್ನೂ ಹಾಕುವವಳು. ಮದುವೆ ಮನೆಗಳಲ್ಲಿ ಅಡುಗೆ ಮಾಡಿ ಪಳಗಿದ ಕೈ. ಮಾತು ಮಾತ್ರ ಒಲೆಗಿಂತ ಜೋರು.

ಬಿಸಿಯೂಟಕ್ಕೆ ಒಂದು ನಿಯಮವಿತ್ತು. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮುಂಚೆ ಮುಖ್ಯ ಶಿಕ್ಷಕರು ಊಟದ ರುಚಿ ನೋಡಬೇಕು. ನೋಡಿ, ಅದಕ್ಕೆಂದೇ ಇಟ್ಟ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಏನಾದರೂ ಹೆಚ್ಚುಕಡಿಮೆ ಇದ್ದರೆ ಮೊದಲು ನಮಗೆ ಆಗಲಿ ಎಂದು. ಹಿಂದೆ ಅರಮನೆಯಲ್ಲಿ ರಾಜರ ಊಟವನ್ನು ಮೊದಲು ಬೇರೆಯವರು ತಿಂದು ನೋಡುತ್ತಿದ್ದರಂತೆ, ಆ ಉದ್ಯೋಗ ನನಗೆ ಸಿಕ್ಕಿತು ಎಂದು ಮನೆಯಲ್ಲಿ ಜಂಬ ಕೊಚ್ಚಿಕೊಂಡೆ. ನಾವದನ್ನು ರುಚಿ ಪುಸ್ತಕ ಎನ್ನುತ್ತಿದ್ದೆವು. ಎಲ್ಲರೂ "ರುಚಿಯಾಗಿದೆ" ಎಂದು ಬರೆದು ಮುಗಿಸುತ್ತಾರೆ. ನಾನು ಬಿಟ್ಟೇನೆ? "ಹುಳಿ ತುಸು ಮುಂದು." "ಇಂದಿನ ಒಗ್ಗರಣೆ ಘಮಘಮ." "ಅನ್ನ ಹೂವಿನಂತೆ ಅರಳಿದೆ." ಹಲಗೆ ಕಳೆದುಕೊಂಡ ನನ್ನ ದುಂಡಕ್ಷರಕ್ಕೆ ಅಲ್ಲೊಂದು ಜಾಗ ಸಿಕ್ಕಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಭಾಷಣ ಬೇರೆ: ಅನ್ನ ದೇವರು, ಊಟಕ್ಕೆ ಯಾರೂ ಹೆಸರಿಡಬಾರದು, ಬಡಿಸಿದ್ದನ್ನು ಮಾತಾಡದೆ ಉಣ್ಣಬೇಕು. ಮಕ್ಕಳು "ಸರಿ ಮಿಸ್" ಎಂದು ರಾಗ ಎಳೆದರು.

ಶ್ರಾವಣ ಬಂತು. ನಮ್ಮದು ಶಿವನ ಮನೆ. ಮಠದ ನಂಟು, ಅಜ್ಜಿಯ ಕಾಲದಿಂದ ಬಂದ ನೇಮ. ಶ್ರಾವಣದ ಸೋಮವಾರಗಳಲ್ಲಿ ಒಪ್ಪತ್ತು. ಸಂಜೆ ಪೂಜೆ ಮುಗಿಯುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಒಂಬತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಒಂದು ಸೋಮವಾರವನ್ನೂ ತಪ್ಪಿಸಿದವಳಲ್ಲ. ಹಡೆಯುವ ದಿನ ಹತ್ತಿರವಿದ್ದಾಗಲೂ ಬಿಟ್ಟಿರಲಿಲ್ಲ, ಅತ್ತೆಯವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಈಗ ಹನ್ನೆರಡೂವರೆಗೆ ಪುಟ್ಟತಾಯಮ್ಮ ತಟ್ಟೆ ತಂದಿಟ್ಟರೆ ಏನು ಮಾಡಲಿ? ನಾಗರತ್ನಳನ್ನು ಕರೆದು "ಇವತ್ತು ನೀನು ರುಚಿ ನೋಡಮ್ಮ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಲಗೆ ಒರೆಸಿದ ಮೇಲೆ ಅವಳನ್ನು ಏನಾದರೂ ಕೇಳಲು ನನಗೆ ಹಿಂಜರಿಕೆ. ಪುಟ್ಟತಾಯಮ್ಮ ಅಷ್ಟು ಪಳಗಿದವಳು, ಅವಳು ನೋಡಿಯೇ ಇಳಿಸಿರುತ್ತಾಳೆ ಎಂದುಕೊಂಡೆ. "ಅಲ್ಲಿಟ್ಟು ಹೋಗಿ" ಎಂದು ತಟ್ಟೆ ಇಡಿಸಿಕೊಂಡು, "ಉಪ್ಪು, ಹುಳಿ, ಖಾರ ಹದವಾಗಿದೆ" ಎಂದು ಬರೆದು ಸಹಿ ಹಾಕಿದೆ. ತಟ್ಟೆಯಲ್ಲಿದ್ದುದನ್ನು ಹಿಂದಿನ ಕಾಂಪೌಂಡಿನ ಗೋಡೆಯ ಮೇಲೆ ಕಾಗೆಗೆ ಇಟ್ಟೆ. ಪುಣ್ಯದ ಕೆಲಸವನ್ನೇ ಮಾಡಿದೆ ಎಂಬ ಭಾವನೆ ಬೇರೆ.

ಎರಡು ಸೋಮವಾರ ಹೀಗೆ ಕಳೆಯಿತು. ಮೂರನೆಯ ಸೋಮವಾರ ಎರಡೂಕಾಲಿಗೆ ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ಮಾತಿಲ್ಲ. ಅವಳಿಗೆ ಮಾತಿಲ್ಲ ಎಂದರೆ ಏನೋ ಆಗಿದೆ ಎಂದೇ ಅರ್ಥ.

"ಏನ್ ಪುಟ್ಟತಾಯಮ್ಮ?"

"ವಸಿ ಬನ್ನಿ ಮೇಡಮ್ಮೋರೇ."

ಅಡುಗೆ ಕೋಣೆಯಲ್ಲಿ ಪಾತ್ರೆಗಳೆಲ್ಲ ತೊಳೆದು ಬೋರಲು ಬಿದ್ದಿದ್ದವು. ಕಟ್ಟೆಯ ಮೇಲೆ ಉಪ್ಪಿನ ಪ್ಯಾಕೆಟ್ಟು, ಮೂತಿ ಕತ್ತರಿಸದೆ, ಅಂಗಡಿಯಿಂದ ತಂದ ಹಾಗೇ ಇತ್ತು.

"ಅಳೇ ಉಪ್ಪು ಸನಿವಾರಾನೇ ಮುಗುದೋಗಿತ್ತು. ಒಸಾದು ಒಡ್ದೇ ಇಲ್ಲ ಕಣ್ರವ್ವ. ಬೆಳಿಗ್ಗೆ ಸಾಂಬಾರ್ಗೆ ಏನೋ ಬೆಳ್ಳಗಿರೋದ ಆಕ್ದಂಗೆ ಗ್ಯಾನ. ಮಾತಾಡ್ತಾ ಮಾತಾಡ್ತಾ ಯಾವ ಡಬ್ಬಕ್ಕೆ ಕೈ ಆಕ್‌ಬುಟ್ಟೆನೋ" ಎಂದು ಅವಳು ಇನ್ನೊಂದು ಡಬ್ಬ ತೋರಿಸಿದಳು. ಪಾತ್ರೆ ಉಜ್ಜಲು ಇಟ್ಟಿದ್ದ, ಬಟ್ಟೆ ಒಗೆಯುವ ಸೋಡಾ. ಡಬ್ಬದ ತಳ ಕಾಣುತ್ತಿತ್ತು.

ನಾನು ಡಬ್ಬವನ್ನು ಕೈಗೆ ತೆಗೆದುಕೊಂಡೆ. "ಅಲ್ಲಾ, ಇಳಿಸೋವಾಗ ರುಚಿ ನೋಡ್ಲಿಲ್ವಾ ನೀವು?"

"ನಾನೂ ಸ್ವಾಮಾರದೋಳು ಕಣ್ರವ್ವ. ಮಾದಪ್ಪನ ಒಕ್ಲು. ಒಪ್ಪೊತ್ತು ನಂಗೂವೆ. ನೀವು ನೋಡಿ ಬರ್ದು ಸೈನ್ ಆಕ್ತೀರಲ್ಲ, ಇನ್ನೇನು ಬುಡು ಅಂದ್ಕೊಂಡೆ." ಆಮೇಲೆ ನನ್ನ ಮುಖ ನೋಡಿ, ಮೆಲ್ಲಗೆ, "ನೀವು ನೋಡುದ್ರಿ ತಾನೇ ಮೇಡಮ್ಮೋರೇ?" ಎಂದಳು.

ಬಹಳ ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಇಬ್ಬರೇ ಸಾಕಾಯಿತು. ಒಬ್ಬಳು ಇನ್ನೊಬ್ಬಳನ್ನು ನಂಬಿ, ಇಬ್ಬರೂ ಶಿವನನ್ನು ನಂಬಿ, ನೂರೆಂಬತ್ತು ಮಕ್ಕಳಿಗೆ ಏನನ್ನು ಬಡಿಸಿದ್ದೇವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನೋಡೋಣವೆಂದರೆ ಪಾತ್ರೆಯಲ್ಲಿ ಒಂದು ತೊಟ್ಟು ಉಳಿದಿಲ್ಲ. ಟೀಚರುಗಳದು ಅವರವರ ಮನೆಯ ಡಬ್ಬಿ. ಮಕ್ಕಳಿಗಿಂತ ಮೊದಲು ಆ ಸಾಂಬಾರಿನ ರುಚಿ ಕಂಡದ್ದು ಕಾಗೆಯೊಂದೇ. ಅದು ಗೋಡೆಯ ಮೇಲೆ ಇದೆಯೋ, ಎಲ್ಲಾದರೂ ಸತ್ತು ಬಿದ್ದಿದೆಯೋ ಎಂದು ಕಿಟಕಿಯಿಂದ ಇಣುಕಿ ನೋಡಿದೆನೆಂದರೆ ನನ್ನ ಸ್ಥಿತಿ ನಿಮಗೆ ತಿಳಿಯುತ್ತದೆ. ಕಾಗೆಗಳೇನೋ ಇದ್ದವು. ಅದೇ ಕಾಗೆಯೇ ಎಂದು ಹೇಳುವವರು ಯಾರು?

ಆಸ್ಪತ್ರೆಗೆ ಓಡಬೇಕೋ, ಮನೆಗಳಿಗೆ ಹೇಳಿಕಳಿಸಬೇಕೋ? ಸುಮ್ಮನೆ ಕೂಗೆಬ್ಬಿಸಿದರೆ ಮಕ್ಕಳು ಹೆದರಿಕೊಂಡೇ ವಾಂತಿ ಮಾಡಿಯಾರು. ಸುಮ್ಮನಿದ್ದರೆ? ಒಂದು ನಿಮಿಷ ನಾನು ಮುಖ್ಯ ಶಿಕ್ಷಕಿಯಾಗಿ ಯೋಚಿಸಲು ಪ್ರಯತ್ನಿಸಿದೆ, ಏನೂ ಹೊಳೆಯಲಿಲ್ಲ. ಕಾಲು ತಾನಾಗಿ ಮೂರನೇ ಕ್ಲಾಸಿನ ಕಡೆ ಹೊರಟಿತು. ಬಾಗಿಲಲ್ಲಿ ನಿಂತು, "ನಾಗರತ್ನ, ಐದು ನಿಮಿಷ ಕ್ಲಾಸು ಕೊಡ್ತೀಯಾ? ನನ್ನಿಂದ ಒಂದು ತಪ್ಪಾಗಿದೆ" ಎಂದೆ. ಅವಳು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದಳು.

"ಮಕ್ಕಳೇ, ಇವತ್ತು ಸಾಂಬಾರ್ ಹೇಗಿತ್ತು?"

"ಚೆನ್ನಾಗಿತ್ತು ಮಿಸ್!" ಅದೇ ರಾಗ.

"ಎಲ್ಲರೂ ತಲೆ ಬಗ್ಗಿಸಿ ಕಣ್ಣು ಮುಚ್ಚಿ. ಯಾರೂ ನೋಡಬಾರದು. ನಾನು ಬೈಯಲ್ಲ. ಬಾಯಿ ಉರೀತು, ಸೋಪು ಸೋಪು ಅನ್ನಿಸ್ತು, ಹೊಟ್ಟೆ ನೋಯ್ತಿದೆ ಅನ್ನೋರು ಯಾರಾದ್ರೂ ಇದ್ರೆ ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಮತ್ತೊಂದು ಸಲ, ನಿಧಾನವಾಗಿ, ಬಿಡಿಸಿ ಹೇಳಿದೆ. ಆಗಲೂ ಇಲ್ಲ.

"ಸರಿ. ಸಪ್ಪೆ ಅನ್ನಿಸಿದೋರು?"

ಮೊದಲು ಕಿಟಕಿಯ ಪಕ್ಕದಿಂದ ಒಂದು ಕೈ. ಆಮೇಲೆ ಅದರ ಹಿಂದಿನದು. ಆಮೇಲೆ ಇಡೀ ಕ್ಲಾಸು. ಕೆಲವರು ಎರಡೆರಡು ಕೈ ಎತ್ತಿದ್ದರು.

"ಉಪ್ಪೇ ಇರ್ಲಿಲ್ಲ ಮಿಸ್" ಎಂದಿತು ಮುಂದಿನ ಸಾಲಿನ ಒಂದು ಹುಡುಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ.

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ಊಟಕ್ಕೆ ಹೆಸರಿಡಬಾರದು ಅಂತ ನೀವೇ ಹೇಳಿದ್ರಲ್ಲ ಮಿಸ್."

ಸಪ್ಪೆ! ಕನ್ನಡದಲ್ಲಿ ಅದಕ್ಕಿಂತ ಸಿಹಿಯಾದ ಶಬ್ದವನ್ನು ನಾನು ಇದುವರೆಗೆ ಕೇಳಿಲ್ಲ. ಏನನ್ನೋ ಹಾಕಿದ್ದೆ ಎಂದು ಪುಟ್ಟತಾಯಮ್ಮ ಅಂದುಕೊಂಡದ್ದು ಭ್ರಮೆ. ಅವಳು ಏನನ್ನೂ ಹಾಕಿರಲಿಲ್ಲ. ಒಂದೊಂದು ಕ್ಲಾಸಿಗೂ ಹೋಗಿ ಹಾಗೆಯೇ ಕೇಳಿದೆ. ಎಲ್ಲ ಕಡೆಯೂ ಸಪ್ಪೆ. ಐದನೇ ಕ್ಲಾಸಿನವರಂತೂ ಮಿಸ್ ಉಪ್ಪು ಕೊಡ್ತಾರೇನೋ ಎಂದು ಕಾದೆವು ಎಂದು ದೂರಿದರು. ಆಫೀಸಿಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತೆ. ಬಾಗಿಲಲ್ಲಿ ನಿಂತಿದ್ದ ಪುಟ್ಟತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಬಹುಶಃ ಎರಡೂ. ನಾನೂ ಎರಡನ್ನೂ ಮಾಡಿದೆ.

ರಾತ್ರಿ ಮನೆಯಲ್ಲಿ ಹೇಳಿದಾಗ ನಮ್ಮೆಜಮಾನರು, "ಹುಣಸೆ ಹುಳಿಗೆ ಅಷ್ಟು ಸೋಡಾ ಬಿದ್ದಿದ್ರೆ ಬುಸುಬುಸು ಅಂತ ಉಕ್ಕಿ ಒಲೇನೇ ಆರಿಹೋಗ್ತಿತ್ತು ಕಣೇ. ಇಪ್ಪತ್ತೆರಡು ವರ್ಷ ವಿಜ್ಞಾನದ ಪಾಠ ಮಾಡಿದೋಳು ನೀನು" ಎಂದರು. ಅದೇನೋ ನಿಜ. ಆದರೆ ಆ ಹೊತ್ತಿನಲ್ಲಿ ವಿಜ್ಞಾನ ಯಾರಿಗೆ ನೆನಪಾಗುತ್ತದೆ? ಮರುದಿನ ಒಂಬತ್ತೂವರೆಗೇ ಗೇಟಿನ ಹತ್ತಿರ ನಿಂತು ಒಳಗೆ ಬರುವ ಪ್ರತಿ ಮಗುವಿನ ಮುಖವನ್ನೂ ನೋಡಿದೆ. ಎಲ್ಲರೂ ಬಂದರು. ಬಾರದಿದ್ದ ಒಬ್ಬನೂ ನಂಜನಗೂಡಿಗೆ ಮದುವೆಗೆ ಹೋಗಿದ್ದಾನೆಂದು ಖಾತ್ರಿ ಮಾಡಿಕೊಂಡೆ.

ರುಚಿ ಪುಸ್ತಕ ಮಾತ್ರ ಮೇಜಿನ ಮೇಲೇ ಇತ್ತು. ಅದರಲ್ಲಿ ನನ್ನ ದುಂಡಕ್ಷರದಲ್ಲಿ, "ಉಪ್ಪು, ಹುಳಿ, ಖಾರ ಹದವಾಗಿದೆ." ಇಲ್ಲದ ಉಪ್ಪನ್ನು ಹದವಾಗಿದೆ ಎಂದು ಬರೆದಿದ್ದೆ. ಏನೂ ಆಗಲಿಲ್ಲವಲ್ಲ, ಹಾಗೇ ಬಿಡಬಹುದಿತ್ತು. ಮಕ್ಕಳನ್ನು ಕಣ್ಣು ಮುಚ್ಚಿಸಿ ನಿಜ ಹೇಳಿಸಿದವಳು ನಾನು. ಚೀಲದ ತಳದಿಂದ ಪೆನ್ನು ತೆಗೆದೆ. ಪುಟ್ಟತಾಯಮ್ಮ ಗಾಬರಿಯಾಗಿ, "ನನ್ ಎಸ್ರು ಬರೀಬೇಡಿ ಮೇಡಮ್ಮೋರೇ, ಕೆಲ್ಸ ಓಯ್ತದೆ" ಎಂದಳು. ಅವಳ ಹೆಸರು ಬರೆಯಲಿಲ್ಲ. "ನಿನ್ನೆ ನಾನು ರುಚಿ ನೋಡಲಿಲ್ಲ. ಹಿಂದಿನ ಎರಡು ಸೋಮವಾರಗಳಲ್ಲೂ ನೋಡಿರಲಿಲ್ಲ. ನಿನ್ನೆ ಸಾಂಬಾರಿಗೆ ಉಪ್ಪು ಇರಲಿಲ್ಲ" ಎಂದು ಬರೆದು ಸಹಿ ಹಾಕಿದೆ.

ತಿಂಗಳ ಮೇಲೆ ಅಧಿಕಾರಿಯೊಬ್ಬರು ತಪಾಸಣೆಗೆ ಬಂದು ಪುಟ ತಿರುವುತ್ತಾ ಅಲ್ಲಿ ನಿಂತರು. ಎರಡು ಸಲ ಓದಿದರು. "ಏನ್ರೀ ಇದು?" ಎಂದರು. ಒಪ್ಪತ್ತಿನ ಕಥೆಯನ್ನು ನನ್ನ ಮಟ್ಟಿಗೆ ಹೇಳಿದೆ. ನೋಟಿಸು ಬರುವುದೇ ಸೈ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, "ಇನ್ನು ಮೇಲೆ ನೋಡ್ದೆ ಬರೀಬೇಡಿ" ಎಂದು ಗದರಿದರು. ಆಮೇಲೆ ಪುಸ್ತಕ ಮುಚ್ಚುತ್ತಾ, "ಹೋಗ್ಲಿ, ಮಿಕ್ಕ ದಿನದ್ದೆಲ್ಲ ನಿಜ ಅಂತಾಯ್ತು" ಎಂದರು. ನನಗೆ ಅಷ್ಟು ದೊಡ್ಡ ಪ್ರಶಸ್ತಿ ಸರ್ವಿಸಿನಲ್ಲಿ ಬೇರೆ ಬರಲಿಲ್ಲ.

ಅದಕ್ಕೂ ಮೊದಲು, ಆ ಶ್ರಾವಣದ ನಾಲ್ಕನೆಯ ಸೋಮವಾರ ತಟ್ಟೆ ಬಂದಾಗ, ಸಹಿ ನನ್ನದಾದ ಮೇಲೆ ನಾಲಿಗೆಯೂ ನನ್ನದೇ ಆಗಬೇಕೆಂದು, ನಾಗರತ್ನಳನ್ನು ಕರೆಯದೆ ನಾನೇ ಉಂಡೆ. ಚಮಚದಷ್ಟಲ್ಲ, ಎರಡು ತುತ್ತು ಸರಿಯಾಗಿಯೇ. ಮೊದಲ ತುತ್ತನ್ನು ಬಹಳ ಹೊತ್ತು ಅಗಿಯುತ್ತಲೇ ಇದ್ದೆ. ಒಂಬತ್ತು ವರ್ಷದ ಆ ಹುಡುಗಿ ನನ್ನೊಳಗೆ ಕೂತು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿದ್ದಳು. ಎರಡನೆಯದು ಇಳಿಯಿತು. ಮನೆಯಲ್ಲಿ ಹೇಳಿದಾಗ ಅತ್ತೆಯವರು, "ತಿನ್ನೋಕೆ ಒಂದು ನೆಪ ಬೇಕಿತ್ತು ನಿಂಗೆ" ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು. ಪುಟ್ಟತಾಯಮ್ಮ ಮಾತ್ರ ನಾನು ಉಣ್ಣುವುದನ್ನು ಬಾಗಿಲಲ್ಲಿ ನಿಂತು ನೋಡಿ, "ಯೋಚ್ನೆ ಬುಡಿ ಮೇಡಮ್ಮೋರೇ. ನಿಮ್ ಪಾಲಿನ ಸ್ವಾಮಾರಾನೂ ನಾನೇ ಇಡೀತೀನಿ. ಎಂಗಿದ್ರೂ ಅಸ್ಕೊಂಡೇ ಇರ್ತೀನಲ್ಲ" ಎಂದಳು. ಹಿಡಿದಳು ಕೂಡ. ಆರು ವರ್ಷ ಅವಳು ಹಸಿದಳು, ನಾನು ಉಂಡೆ, ಮಕ್ಕಳಿಗೆ ಉಪ್ಪು ತಪ್ಪಲಿಲ್ಲ.

ಮುಖ್ಯ ಶಿಕ್ಷಕಿ ಎಂದರೆ ಏನು ಎಂದು ನನಗೆ ಗೊತ್ತಾದದ್ದು ಆ ಎರಡು ತುತ್ತಿನಲ್ಲಿ. ಕ್ಲಾಸು ಕಳೆದುಕೊಂಡೆ ಎಂಬ ಕೊರಗು ಅಲ್ಲಿಗೆ ಬಿಟ್ಟುಹೋಯಿತು. ಆಮೇಲೆ ನಾಗರತ್ನಳೇ ಆಗಾಗ ಬಂದು, "ಮೇಡಂ, ಇವತ್ತು ಕಣ್ಣು ಮುಚ್ಚಿಸೋ ಕೆಲ್ಸ ಇದೆ, ಬರ್ತೀರಾ?" ಎಂದು ಕರೆಯುತ್ತಿದ್ದಳು. ಕರೆದಾಗ ಹೋಗುತ್ತಿದ್ದೆ, ಮುಗಿದ ಕೂಡಲೇ ಈಚೆ ಬರುತ್ತಿದ್ದೆ. ಕೂರುವುದನ್ನೂ ಕಲಿತೆ.

ಈಗ ಮತ್ತೆ ಶ್ರಾವಣ. ಇದನ್ನು ಬರೆಯುತ್ತಿರುವುದು ಮೊದಲ ಸೋಮವಾರದ ಮಧ್ಯಾಹ್ನ. ಬೆಳಿಗ್ಗೆಯಿಂದ ಬಾಯಿಗೆ ಹನಿ ನೀರು ಬಿಟ್ಟರೆ ಬೇರೇನೂ ಹಾಕಿಲ್ಲ. ಹನ್ನೆರಡೂವರೆ ಆಯಿತು, ಒಂದೂ ಆಯಿತು. ನಮ್ಮೆಜಮಾನರು ಒಳಗಿಂದ "ತಲೆ ಸುತ್ತುತ್ತೇನೇ?" ಎಂದು ಎರಡು ಸಲ ಕೇಳಿದರು. ಇಲ್ಲ ಎಂದೆ. ಹೊಟ್ಟೆ ಚುರುಗುಟ್ಟುತ್ತಿದೆ. ಆರು ವರ್ಷದ ಮೇಲೆ ಈ ಹಸಿವು ನನ್ನೊಬ್ಬಳದೇ. ಸಂಜೆಯವರೆಗೂ ನೆಮ್ಮದಿಯಾಗಿ ಹಸಿದುಕೊಂಡಿರಬಹುದು.